ದಾಸವಾಳದ ಹೂವು ತಿಂದವರು ಯಾರು? ಗಾಯ ನೋಡಿ ಹುಳು ಗುರುತಿಸುವ ಬಗೆ

ನಮ್ಮ ತೋಟದಲ್ಲಿ 9 ದಾಸವಾಳ ಗಿಡಗಳಿವೆ. ಗೇಟಿನ ಪಕ್ಕ ಐದೆಸಳಿನ ಕೆಂಪು, ನೀರಿನ ತೊಟ್ಟಿ ಹತ್ತಿರ ಬಿಳಿ, ಕಿಟಕಿ ಕೆಳಗೆ ಹಲವು ಸುತ್ತಿನ ಹಳದಿ. ಈ ಹಳದಿ ಗಿಡವೇ ನನಗೆ ಹುಳು ನೋಡೋದನ್ನು ಕಲಿಸಿದ್ದು. ಒಂದು ಸಲ ಸತತ 17 ದಿನ ಅದರಲ್ಲಿ ಒಂದೇ ಒಂದು ಹೂವು ಅರಳಲಿಲ್ಲ. ಮೊಗ್ಗು ಬರುತ್ತಿತ್ತು, ಹಳದಿಯಾಗುತ್ತಿತ್ತು, ಉದುರಿ ಹೋಗುತ್ತಿತ್ತು. ಎಲೆ ಮೇಲೆಲ್ಲ ಇರುವೆ ಓಡಾಡುತ್ತಿದ್ದವು. ಇವುಗಳದ್ದೇ ಕೆಲಸ ಅಂದುಕೊಂಡು ಬುಡಕ್ಕೆ ಇರುವೆ ಪುಡಿ ಹಾಕಿದೆ. ಇರುವೆ ಹೋದವು. ಮೊಗ್ಗು ಉದುರುವುದು ಮಾತ್ರ ನಿಲ್ಲಲಿಲ್ಲ.

ಅವತ್ತಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ಮೊದಲು ಗಾಯ ನೋಡುವುದು, ಆಮೇಲೆ ಹುಳು ಹುಡುಕುವುದು. ನಾವು ಗಿಡದ ಹತ್ತಿರ ಹೋಗುವ ಹೊತ್ತಿಗೆ ತಿಂದದ್ದು ಎಷ್ಟೋ ಸಲ ಹೋಗಿಬಿಟ್ಟಿರುತ್ತದೆ. ಸುಮ್ನೆ ಬಂದು ಕೂತದ್ದು ಕಣ್ಣಿಗೆ ಬಿದ್ದು ಸಾಯುತ್ತದೆ. ಆದರೆ ಗಾಯ ಎಲ್ಲೂ ಹೋಗುವುದಿಲ್ಲ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಬಿಳಿ ತಟ್ಟೆ ಅಥವಾ ಹಾಳೆ, ಟಾರ್ಚು, ಭೂತಗನ್ನಡಿ, ಮೊಗ್ಗು ಸೀಳಲು ಬ್ಲೇಡು. ಫೋನಿನಲ್ಲಿ ಫೋಟೋ ತೆಗೆಯುವುದಾದರೆ ಹುಳುವಿನ ಪಕ್ಕ ಒಂದು ನಾಣ್ಯ ಇಡಿ. ಎಷ್ಟು ದೊಡ್ಡದಿತ್ತು ಅಂತ ಆಮೇಲೆ ನೆನಪಿರುವುದಿಲ್ಲ.

ಮೊದಲ ಪ್ರಶ್ನೆ: ಮೊಗ್ಗಿನಲ್ಲಿದ್ದಾಗ ಕಚ್ಚಿದ್ದೋ, ಅರಳಿದ ಮೇಲೋ?

ದಾಸವಾಳ ನೋಡುವವರಿಗೆ ಒಂದು ಅನುಕೂಲ ಇದೆ. ಮಾಮೂಲಿ ಐದೆಸಳಿನ ಹೂವಿನ ಆಯುಷ್ಯ ಹೆಚ್ಚುಕಡಿಮೆ ಒಂದೇ ದಿನ. ಬೆಳಿಗ್ಗೆ ಅರಳಿ ರಾತ್ರಿಯೊಳಗೆ ಸುತ್ತಿಕೊಳ್ಳುತ್ತದೆ. ಅಂದರೆ ಅರಳಿದ ಹೂವಿನಲ್ಲಿ ಕಾಣುವ ಗಾಯ ಒಂದೋ ಇವತ್ತಿನದು, ಇಲ್ಲ ಅದು ಮೊಗ್ಗಾಗಿದ್ದಾಗಿನದು. ಬೇರೆ ಲೆಕ್ಕ ಇಲ್ಲ.

ಇವೆರಡರಲ್ಲಿ ಯಾವುದು ಅಂತ ತಿಳಿಯುವುದು ಬಹಳ ಸುಲಭ. ಮೊಗ್ಗಿನೊಳಗೆ ಐದು ಎಸಳೂ ಒಂದರ ಮೇಲೊಂದು ಛತ್ರಿ ಮಡಿಸಿದ ಹಾಗೆ ಸುತ್ತಿಕೊಂಡಿರುತ್ತವೆ. ಆಗ ಯಾವುದಾದರೂ ಹುಳು ತೂತು ಕೊರೆದರೆ ಒಂದೇ ತೂತು ಮೂರ್ನಾಲ್ಕು ಎಸಳನ್ನು ದಾಟಿ ಹೋಗುತ್ತದೆ. ಹೂವು ಬಿಚ್ಚಿಕೊಂಡಾಗ ಪ್ರತಿ ಎಸಳಲ್ಲೂ ಒಂದೊಂದು ತೂತು ಕಾಣುತ್ತದೆ. ಎಲ್ಲವೂ ಬುಡದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುತ್ತವೆ. ಮಡಿಸಿದ ಕಾಗದಕ್ಕೆ ಸೂಜಿ ಚುಚ್ಚಿ ಬಿಡಿಸಿ ನೋಡಿ, ಹಾಗೇ. ನಾನು ಇದನ್ನು ಮೊದಲು ಕಂಡದ್ದು ಬಿಳಿ ದಾಸವಾಳದಲ್ಲಿ. ನಾಲ್ಕು ಎಸಳಿನಲ್ಲಿ ನಾಲ್ಕು ತೂತು, ಅಂಚು ಕಂದಾಗಿ ಒಣಗಿತ್ತು. ನಾಲ್ಕು ಹುಳು ಬಂದು ಹೋಗಿವೆ ಅಂದುಕೊಂಡಿದ್ದೆ. ಎಸಳುಗಳನ್ನು ಮತ್ತೆ ಮೊಗ್ಗಿನ ಹಾಗೆ ಕೈಯಲ್ಲಿ ಸುತ್ತಿದೆ. ನಾಲ್ಕೂ ಸರಿಯಾಗಿ ಒಂದರ ಮೇಲೊಂದು ಕೂತವು. ಬಂದಿದ್ದ ಹುಳು ಒಂದೇ.

ಗಾಯ ಒಂದೇ ಎಸಳಿನಲ್ಲಿದ್ದರೆ, ಬೇರೆಯವು ಚೆನ್ನಾಗಿದ್ದರೆ, ಅದು ಅರಳಿದ ಮೇಲೆ ಆದದ್ದು. ಅಂಚನ್ನೂ ನೋಡಿ. ಕಚ್ಚಿದ ಜಾಗ ಒದ್ದೆಯಾಗಿ ಎಸಳಿನದೇ ಬಣ್ಣದಲ್ಲಿದ್ದರೆ ಗಾಯ ಹೊಸದು. ಕಂದಾಗಿ ಗರಿಗರಿ ಆಗಿದ್ದರೆ ಹಳೆಯದು.

ಅರಳಿದ ಹೂವು ತಿನ್ನುವವು

ಎಸಳಿನ ಅಂಚಿನಿಂದ ಒಳಕ್ಕೆ ದೊಡ್ಡ ದೊಡ್ಡ ತುಂಡು ಹೋಗಿದೆ, ನಡುವಿನ ಕೇಸರದ ಕೋಲೂ ಮೊಂಡಾಗಿದೆ, ಅದೂ ಹಾಡುಹಗಲು. ಹಾಗಿದ್ದರೆ ಏಷ್ಯಾದ ಬೆಚ್ಚನೆಯ ಜಾಗಗಳಲ್ಲಿ ನಾನು ಮೊದಲು ಅನುಮಾನಿಸುವುದು ಬ್ಲಿಸ್ಟರ್ ಬೀಟಲ್ ಅನ್ನುವ ದುಂಬಿಯನ್ನು. ಎರಡು, ಎರಡೂವರೆ ಸೆಂಟಿಮೀಟರ್ ಉದ್ದ. ಕಪ್ಪು ಮೈ. ರೆಕ್ಕೆಯ ಮೇಲೆ ಅಡ್ಡಕ್ಕೆ ಕಿತ್ತಳೆ ಅಥವಾ ಕೆಂಪು ಪಟ್ಟೆ. ಮಳೆ ಶುರುವಾದ ಮೇಲೆ ಬರುತ್ತದೆ. ಅದಕ್ಕೆ ಅಡಗುವ ಅಭ್ಯಾಸ ಇಲ್ಲ. ಹೂವಿನ ನಡುವೆ ಕೂತು ನಿಧಾನವಾಗಿ ತಿನ್ನುತ್ತಾ ಇರುತ್ತದೆ, ನಾವು ಹತ್ತಿರ ಹೋದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಧೈರ್ಯಕ್ಕೆ ಕಾರಣ ಇದೆ. ಇದರ ರಕ್ತದಲ್ಲಿ ಕ್ಯಾಂಥರಿಡಿನ್ ಅನ್ನುವ ವಿಷ ಇರುತ್ತದೆ. ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ಹನಿ ಒಸರುತ್ತದೆ. ನನ್ನ ತಂಗಿಯ ಮಗಳು ಚೆಂದ ಇದೆ ಅಂತ ಒಂದನ್ನು ಅಂಗೈಯಲ್ಲಿ ಮುಚ್ಚಿ ತಂದು ತೋರಿಸಿದ್ದಳು. ಆಗ ಏನೂ ಆಗಲಿಲ್ಲ. ರಾತ್ರಿ ಹೊತ್ತಿಗೆ ಎರಡು ಬೆರಳಿನ ನಡುವೆ ನೀರು ತುಂಬಿದ ಬೊಬ್ಬೆ ಎದ್ದಿತ್ತು. ದಯವಿಟ್ಟು ಇದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ತಕ್ಷಣ ಸೋಪು ಹಚ್ಚಿ ತೊಳೆಯಿರಿ. ಬೆಳಿಗ್ಗೆ ಬಿಸಿಲೇರುವ ಮೊದಲು ಇವು ಮಂಕಾಗಿರುತ್ತವೆ. ಆಗ ಗ್ಲೌಸ್ ಹಾಕಿಕೊಂಡು, ಹೂವಿನ ಕೆಳಗೆ ಸೋಪಿನ ನೀರಿನ ಬಕೆಟ್ ಹಿಡಿದು ಕೊಂಬೆ ತಟ್ಟಿದರೆ ಬೀಳುತ್ತವೆ. ನಾಲ್ಕೈದು ಇದ್ದರೆ ನಾನು ತಂಟೆಗೆ ಹೋಗುವುದಿಲ್ಲ. ಯಾಕೆಂದರೆ ಇದರ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆ ತಿಂದು ಬೆಳೆಯುತ್ತವೆ.

ಉತ್ತರ ಅಮೆರಿಕದಲ್ಲಿ ತೋಟ ಮಾಡುವವರಿಗೆ ಇದೇ ಥರದ ಗಾಯ ಜಪಾನೀಸ್ ಬೀಟಲ್‌ನಿಂದ ಆಗುತ್ತದೆ. ಅದು 1916ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲ ಸಲ ಕಣ್ಣಿಗೆ ಬಿತ್ತು. ಒಂದು ಸೆಂಟಿಮೀಟರ್ ಉದ್ದ, ಲೋಹದ ಹಾಗೆ ಹೊಳೆಯುವ ಹಸಿರು ತಲೆ, ತಾಮ್ರದ ಬಣ್ಣದ ರೆಕ್ಕೆ. ಹೊಟ್ಟೆಯ ಎರಡೂ ಬದಿಗೆ ಐದೈದು, ಹಿಂದೆ ಎರಡು ಬಿಳಿ ಕೂದಲಿನ ಕುಚ್ಚು ಇರುತ್ತವೆ. ಹೊಳೆಯುವ ಹಸಿರು ಜೀರುಂಡೆಗಳು ಬೇರೆಯೂ ಇವೆ, ಹಾಗಾಗಿ ಈ ಕುಚ್ಚು ನೋಡಿಯೇ ತೀರ್ಮಾನ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಹೂವಿನ ಗಂಟಲಲ್ಲಿ ಸಾಸಿವೆ ಚೆಲ್ಲಿದ ಹಾಗೆ ಗುಂಪಾಗಿ ಕೂರುವ ಕಪ್ಪು ಜೀರುಂಡೆ ಇದೆ. ಉದ್ದ 3 ಮಿಲಿಮೀಟರ್ ಅಷ್ಟೇ. ಪರಾಗ ತಿನ್ನುತ್ತದೆ, ಎಸಳಿಗೆ ಸಣ್ಣ ಸಣ್ಣ ತೂತು ಮಾಡುತ್ತದೆ. ತಿಳಿ ಬಣ್ಣಕ್ಕೆ ಮರುಳಾಗಿ ಬರುವುದರಿಂದ ಬಿಳಿ ಡಬ್ಬಿಯಲ್ಲಿ ಸೋಪಿನ ನೀರಿಟ್ಟರೆ ಅದರಲ್ಲೇ ಬಿದ್ದಿರುತ್ತದೆ.

ಮಿಡತೆ ತಿಂದರೆ ಅಂಚು ಒರಟಾಗಿ, ಹರಿದ ಹಾಗೆ ಇರುತ್ತದೆ. ಪಕ್ಕದ ಎಲೆಗಳಲ್ಲೂ ಅದೇ ಗುರುತು ಸಿಗುತ್ತದೆ. ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅರ್ಧಚಂದ್ರವಾಗಿದ್ದರೆ ಅದು ಎಲೆ ಕತ್ತರಿಸುವ ಜೇನು. ಅದು ತಿನ್ನುವುದಿಲ್ಲ, ಆ ತುಂಡನ್ನು ಗೂಡಿಗೆ ಹಾಸಲು ಒಯ್ಯುತ್ತದೆ. ಬಿಟ್ಟುಬಿಡಿ.

ಸಂಜೆ ಚೆನ್ನಾಗಿದ್ದ ಮೊಗ್ಗು ಬೆಳಿಗ್ಗೆ ಅರಳುವಾಗಲೇ ಹರಿದಿದ್ದರೆ ರಾತ್ರಿ 9 ಗಂಟೆ ಮೇಲೆ ಟಾರ್ಚ್ ಹಿಡಿದು ಹೋಗಿ. ಹೋದ ತಕ್ಷಣ ಹೂವಿನ ಮೇಲೆ ಬೆಳಕು ಬಿಡಬೇಡಿ. ಮೊದಲು ಎರಡು ನಿಮಿಷ ಕತ್ತಲಲ್ಲೇ ನಿಲ್ಲಿ. ಕರಕರ ಸದ್ದು ಕೇಳಬಹುದು, ಕಂದು ಜೀರುಂಡೆಗಳು ಗುಂಯ್ ಅಂತ ಬಂದು ಕೂರಬಹುದು. ಆಮೇಲೆ ಕೆಳಗಿನಿಂದ ಮೇಲಕ್ಕೆ ಬೆಳಕು ಹಾಯಿಸಿ, ಎಲೆಯ ಅಡಿಭಾಗ ಮೊದಲು ಕಾಣುವ ಹಾಗೆ. ಬಸವನಹುಳು ಆಗಿದ್ದರೆ ಟಾರ್ಚೂ ಬೇಕಿಲ್ಲ. ಬೆಳಿಗ್ಗೆ ಎಸಳಿನ ಮೇಲೆ, ಕಾಂಡದ ಮೇಲೆ ಒಣಗಿದ ಲೋಳೆಯ ಬೆಳ್ಳಿ ಗೆರೆ ಹೊಳೆಯುತ್ತಿರುತ್ತದೆ.

ಎಸಳಿಗೆ ಏನೂ ಆಗಿಲ್ಲ, ಹೂವಿನ ಬುಡದಲ್ಲಿ ಮಾತ್ರ ಸಣ್ಣ ಸೀಳು ಇದೆ ಅಂದರೆ ಅದು ಹುಳುವಿನ ಕೆಲಸ ಅಲ್ಲ. ಸೂರಕ್ಕಿ ಪಕ್ಕದಿಂದ ಕೊಕ್ಕು ತೂರಿಸಿ ಮಕರಂದ ಕುಡಿದು ಹೋಗಿರುತ್ತದೆ.

ಮೊಗ್ಗಿನೊಳಗೆ ಕೂತವು

ನನಗೆ ಅತಿ ಜಾಸ್ತಿ ಕಷ್ಟ ಕೊಟ್ಟದ್ದು ಇವು. ಹೊರಗಿನಿಂದ ಕಾಣುವುದೇ ಇಲ್ಲ.

ಮೊಗ್ಗಿಗೆ ಉರುಟಾದ ಒಂದು ತೂತು, ತೂತಿನ ಬಾಯಲ್ಲಿ ಅಥವಾ ಕೆಳಗಿನ ಎಲೆ ಮೇಲೆ ಒದ್ದೆ ಹಿಕ್ಕೆ. ಹೀಗಿದ್ದರೆ ಒಳಗೆ ಮರಿಹುಳು ಇದೆ ಅಥವಾ ಇತ್ತು. ದಾಸವಾಳ, ಹತ್ತಿ, ಬೆಂಡೆ ಎಲ್ಲ ಒಂದೇ ಕುಟುಂಬದ ಗಿಡಗಳು. ಹಾಗಾಗಿ ಹತ್ತಿಯ ಕಾಯಿ ಕೊರೆಯುವ ಹುಳುಗಳೇ ಇಲ್ಲಿಗೂ ಬರುತ್ತವೆ. ತಲೆ ಮೊಗ್ಗಿನೊಳಗೆ, ಹಿಂದಿನ ಅರ್ಧ ಮೈ ಹೊರಗೆ ಇದ್ದರೆ ಅದು ಹೆಲಿಕೋವರ್ಪ. ಹಸಿರು, ಕಂದು, ಗುಲಾಬಿ ಹೀಗೆ ಯಾವ ಬಣ್ಣದಲ್ಲಾದರೂ ಇರಬಹುದು. ಬಣ್ಣ ನಂಬಬೇಡಿ, ಪಕ್ಕದಲ್ಲಿ ಉದ್ದಕ್ಕೆ ಹೋಗುವ ತಿಳಿ ಗೆರೆ ನೋಡಿ. ಪೂರ್ತಿ ಒಳಗೇ ಸೇರಿಕೊಂಡಿದ್ದು, ಗಿಡ್ಡವಾಗಿ ದಪ್ಪಗೆ, ಮೈಮೇಲೆ ಕಂದು ಬಿಳಿ ಚುಕ್ಕೆ ಇದ್ದರೆ ಅದು ಚುಕ್ಕೆ ಕಾಯಿಕೊರಕ. ಎರಡನ್ನೂ ಕೈಯಲ್ಲೇ ಆರಿಸಿ ತೆಗೆಯಬಹುದು. ತೂತಾದ ಮೊಗ್ಗನ್ನು ಗಿಡದಲ್ಲಿ ಉಳಿಸಬೇಡಿ, ಅದು ಹೇಗೂ ಚೆನ್ನಾಗಿ ಅರಳುವುದಿಲ್ಲ.

ತೂತೇ ಇಲ್ಲದೆ ಮೊಗ್ಗು ಹಳದಿಯಾಗಿ ಉದುರುತ್ತಿದೆಯಾ? ಇಲ್ಲಿ ಬ್ಲೇಡು ಬೇಕು.

ನನ್ನ ಹಳದಿ ಗಿಡದ ಗುಟ್ಟು ಗೊತ್ತಾದದ್ದು ಹೀಗೇ. 18ನೇ ದಿನ ಬೆಳಿಗ್ಗೆ ನೆಲದಲ್ಲಿ ಬಿದ್ದಿದ್ದ ಒಂದು ಮೊಗ್ಗನ್ನು ಬಿಳಿ ತಟ್ಟೆಯಲ್ಲಿಟ್ಟು ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿದೆ. ಒಳಗಿನ ಎಸಳು ಕೊಳೆತು ಕಂದು ಬಣ್ಣಕ್ಕೆ ತಿರುಗಿತ್ತು. ಆ ಒದ್ದೆಯ ನಡುವೆ ಅಕ್ಕಿನುಚ್ಚಿಗಿಂತ ಸಣ್ಣ, ಕೆನೆ ಬಣ್ಣದ, ಕಾಲಿಲ್ಲದ ಹುಳುಗಳು. ಕೆಲವು ತಿಳಿ ಹಳದಿಗೆ ತಿರುಗಿದ್ದವು. ಭೂತಗನ್ನಡಿ ಹತ್ತಿರ ತರುವಷ್ಟರಲ್ಲಿ ಅದರಲ್ಲೊಂದು ತಲೆ ಬಾಲ ಸೇರಿಸಿ ಬಿಲ್ಲಿನ ಹಾಗೆ ಬಾಗಿತು. ಚಿಟ್ ಅಂತ ತಟ್ಟೆಯ ಆ ಕಡೆಗೆ ಹಾರಿತು. ಹಿಂದೆಯೇ ಇನ್ನೊಂದು, ಮತ್ತೊಂದು. 17 ದಿನ ನಾನು ಹೊರಗೆ ಹುಡುಕುತ್ತಿದ್ದದ್ದು ಇಲ್ಲಿತ್ತು.

ಇದು ದಾಸವಾಳದ ಮೊಗ್ಗು ನೊಣದ ಮರಿ. ಬಡ್ ಮಿಡ್ಜ್ ಅಂತಾರೆ. ಹೀಗೆ ಹಾರುವುದೇ ಇದರ ಗುರುತು. ಸೊಳ್ಳೆಗಿಂತ ಸಣ್ಣ ನೊಣ ಎಳೆ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ತಿಂದು ಬೆಳೆಯುತ್ತವೆ, ಮೊಗ್ಗು ಉದುರುತ್ತದೆ, ಮರಿಗಳು ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಸುಮಾರು ಮೂರು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಮೇಲೆ ಔಷಧಿ ಹೊಡೆದರೆ ಮೊಗ್ಗಿನೊಳಗಿರುವ ಮರಿಗೆ ತಾಗುವುದೇ ಇಲ್ಲ. ಉದುರಿದ ಮೊಗ್ಗನ್ನು, ಹಳದಿಯಾಗುತ್ತಿರುವ ಮೊಗ್ಗನ್ನೂ ಸೇರಿಸಿ ದಿನಾ ಆರಿಸಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಬಿಸಿಲಲ್ಲಿ ಇಡಬೇಕು. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ನಾನು ಒಂದು ದಿನವೂ ಬಿಡದೆ ಐದು ವಾರ ಹೀಗೆ ಮಾಡಿದೆ. ಆರನೇ ವಾರ ಹಳದಿ ಹೂವು ಅರಳಿತು. ಅವತ್ತು ಕೆಲಸಕ್ಕೆ ತಡವಾದರೂ ಪರವಾಗಿಲ್ಲ ಅಂತ ಅದರ ಮುಂದೆ ನಿಂತಿದ್ದೆ.

ಸೀಳಿದ ಮೊಗ್ಗಿನಲ್ಲಿ ಹಾರುವ ಹುಳು ಇಲ್ಲ, ಕಡ್ಡಿಯ ಚೂರಿನಂಥ ತೆಳು ಹುಳುಗಳು ಓಡುತ್ತಿವೆ ಅಂದರೆ ಅದು ಥ್ರಿಪ್ಸ್ ನುಸಿ. ಉದ್ದ 1ರಿಂದ 2 ಮಿಲಿಮೀಟರ್. ಬಣ್ಣ ತಿಳಿ ಹಳದಿ, ಕಂದು ಅಥವಾ ಕಪ್ಪು. ಮೊಗ್ಗು ಉದುರದೆ ಅರಳಿದರೂ ಎಸಳಿನ ಅಂಚು ಸುಟ್ಟ ಹಾಗಿರುತ್ತದೆ, ಬಣ್ಣದ ನಡುವೆ ಬಿಳಚಿದ ಗೆರೆಗಳಿರುತ್ತವೆ. ಅರಳಿದ ಹೂವಿನಲ್ಲಿ ಇದನ್ನು ನೋಡಬೇಕಾದರೆ ಹೂವಿನ ಗಂಟಲೊಳಗೆ ಮೆಲ್ಲಗೆ ಬಾಯಿಂದ ಬಿಸಿ ಉಸಿರು ಬಿಡಿ. ಅಡಗಿದ್ದವು ಹೊರಗೆ ಓಡಿ ಬರುತ್ತವೆ. ಇಲ್ಲವಾದರೆ ಹೂವನ್ನು ಬಿಳಿ ಹಾಳೆ ಮೇಲೆ ನಾಲ್ಕು ಸಲ ತಟ್ಟಿ. ಪರಾಗ ಬಿದ್ದಲ್ಲೇ ಇರುತ್ತದೆ, ಥ್ರಿಪ್ಸ್ ನಡೆಯಲು ಶುರು ಮಾಡುತ್ತದೆ.

ಒಂದು ಮೊಗ್ಗು ಸೀಳಿ ಏನೂ ಇಲ್ಲ ಅಂತ ಕೈ ಬಿಡಬೇಡಿ. ಬೇರೆ ಬೇರೆ ಕೊಂಬೆಯ ಐದಾರು ಮೊಗ್ಗು ಸೀಳಿ. ಎಲ್ಲವೂ ಒಳಗೆ ಚೊಕ್ಕಟವಾಗಿದ್ದರೆ ಹುಳು ಬಿಟ್ಟು ನೀರಿನ ಕಡೆ ನೋಡಿ. ಬುಡ ಪೂರ್ತಿ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಸುರಿದರೂ, ಕುಂಡ ಬದಲಿಸಿದರೂ, ಬಿಸಿಲು ತೀರ ಜಾಸ್ತಿಯಾದರೂ ದಾಸವಾಳ ಮೊಗ್ಗು ಉದುರಿಸುತ್ತದೆ.

ರಸ ಹೀರುವವು, ಮತ್ತು ಇರುವೆಯ ದಾರಿ

ಇರುವೆಗೆ ಅವತ್ತು ನಾನು ಮಾಡಿದ್ದು ಅನ್ಯಾಯ. ದಾಸವಾಳದ ಎಲೆ ಮಗುಚಿ ನೋಡಿ. ನಡುವಿನ ದಪ್ಪ ನರದ ಮೇಲೆ, ಬುಡದ ಹತ್ತಿರ, ಒಂದು ಸಣ್ಣ ಸೀಳು ಇರುತ್ತದೆ. ಅದರಲ್ಲಿ ಗಿಡವೇ ಸಿಹಿ ರಸ ಒಸರಿಸುತ್ತದೆ. ಇರುವೆಗಳು ಅದಕ್ಕೂ ಬರುತ್ತವೆ. ಅದಕ್ಕೇ ಈಗ ನಾನು ಒಂದು ಇರುವೆಯನ್ನು ಆರಿಸಿಕೊಂಡು ಅದರ ಹಿಂದೆ ಕಣ್ಣು ಹಾಯಿಸುತ್ತೇನೆ. ಎಲೆಯ ನರದ ಹತ್ತಿರ ನಿಂತು ವಾಪಸ್ ಹೋದರೆ ಚಿಂತೆ ಇಲ್ಲ. ಮೊಗ್ಗಿನ ತೊಟ್ಟಿನವರೆಗೆ ಹತ್ತಿ ಅಲ್ಲೇ ಗುಂಪು ಕಟ್ಟಿದರೆ ಅಲ್ಲಿ ರಸ ಹೀರುವ ಹುಳು ಇದೆ ಅಂತ ಅರ್ಥ.

ತೊಟ್ಟಿಗೆ ಒತ್ತೊತ್ತಾಗಿ ಅಂಟಿದ ಹಸಿರು, ಹಳದಿ ಅಥವಾ ಕಪ್ಪು ಕಾಳುಗಳು ಗಿಡಹೇನು. ಭೂತಗನ್ನಡಿಯಲ್ಲಿ ನೋಡಿದರೆ ಹಿಂದುಗಡೆ ಎರಡು ಪುಟ್ಟ ಕೊಳವೆ ಕಾಣುತ್ತವೆ. ಅದು ಕಂಡರೆ ಬೇರೆ ಅನುಮಾನ ಬೇಡ. ಕೆಳಗಿನ ಎಲೆ ಅಂಟಂಟಾಗಿ, ಅದರ ಮೇಲೆ ಕಪ್ಪು ಬೂಸ್ಟು ಬಂದಿದ್ದರೆ ಇವು ಸುಮಾರು ದಿನದಿಂದ ಇವೆ. ಪೈಪಿನ ನೀರು ಜೋರಾಗಿ ಬಿಟ್ಟರೆ ಮುಕ್ಕಾಲುಪಾಲು ಉದುರುತ್ತವೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು, ಬಿಸಿಲಿಳಿದ ಮೇಲೆ.

ಹತ್ತಿ ಅಂಟಿಸಿದ ಹಾಗೆ ಬಿಳಿಯಾಗಿ, ಚಿಗುರು ಮುರುಟಿ ಗಂಟಾಗಿ, ಮೊಗ್ಗು ಬಿಚ್ಚಿಕೊಳ್ಳದೆ ಒಣಗುತ್ತಿದ್ದರೆ ಹಿಟ್ಟು ತಿಗಣೆ. ಒಂದನ್ನು ಕಡ್ಡಿಯಲ್ಲಿ ಅಮುಕಿ. ಗುಲಾಬಿ ಬಣ್ಣದ ರಸ ಬಂದರೆ ಗುಲಾಬಿ ಹಿಟ್ಟು ತಿಗಣೆ. ಇದನ್ನು ಹಗುರವಾಗಿ ನೋಡಬೇಡಿ. ಕೆರಿಬಿಯನ್‌ನ ಗ್ರೆನೇಡಾ ದ್ವೀಪಕ್ಕೆ 1994ರಲ್ಲಿ ಇದು ಕಾಲಿಟ್ಟು ದಾಸವಾಳದ ಬೇಲಿಗಳನ್ನೇ ಹಾಳು ಮಾಡಿತು. ಹಾವಳಿ ತಗ್ಗಿದ್ದು ಇದರ ಮೈಯೊಳಗೆ ಮೊಟ್ಟೆ ಇಡುವ ಅನಾಗೈರಸ್ ಅನ್ನುವ ಪುಟ್ಟ ಕಣಜವನ್ನೂ ಗುಲಗಂಜಿ ಹುಳುವನ್ನೂ ತಂದು ಬಿಟ್ಟ ಮೇಲೆ. ನಮ್ಮ ಗಿಡದಲ್ಲಿ ಕಂಡರೆ ಮುರುಟಿದ ಚಿಗುರನ್ನು ಪೂರ್ತಿ ಕತ್ತರಿಸಿ ಕವರಿನಲ್ಲಿ ಕಟ್ಟಿಬಿಡಬೇಕು.

ಆದರೆ ಕತ್ತರಿಸುವ ಮೊದಲು ಒಂದು ಕ್ಷಣ ನಿಲ್ಲಿ. ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿಯೂ ಹಾಗೇ ಇರುತ್ತದೆ. ಬಿಳಿ ಮೇಣದ ಎಳೆಗಳನ್ನು ಹೊದ್ದುಕೊಂಡು ತಿಗಣೆಗಳ ನಡುವೆಯೇ ಓಡಾಡುತ್ತದೆ. ಗೊತ್ತಿಲ್ಲದೆ ನಾನು ಒಂದಿಡೀ ಕೊಂಬೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದಿದ್ದೆ. ಬಕೆಟ್ಟಿನಲ್ಲಿ ತೇಲುತ್ತಿದ್ದವುಗಳಲ್ಲಿ ದೊಡ್ಡವಕ್ಕೆ ಆರು ಗಟ್ಟಿ ಕಾಲು ಕಂಡಾಗ ತಿಳಿಯಿತು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ನನ್ನ ಕೆಲಸ ಅವು ಮಾಡುತ್ತಿದ್ದವು. ವ್ಯತ್ಯಾಸ ತಿಳಿಯಲು ಹುಲ್ಲುಕಡ್ಡಿಯಿಂದ ಮುಟ್ಟಿ. ತಿಗಣೆ ಸುಮಾರು 3 ಮಿಲಿಮೀಟರ್, ಮುಟ್ಟಿದರೂ ಅಲ್ಲಾಡುವುದು ಕಷ್ಟ. ಬಲಿತ ಮರಿ ಒಂದು ಸೆಂಟಿಮೀಟರ್ ದಾಟಿರುತ್ತದೆ, ಮುಟ್ಟಿದರೆ ಸರಸರ ಓಡುತ್ತದೆ.

ಕೆಂಪು ಮೈ, ರೆಕ್ಕೆ ಮೇಲೆ ಒಂದೊಂದು ಕಪ್ಪು ಚುಕ್ಕೆ, ಹೊಟ್ಟೆಯಡಿ ಬಿಳಿ ಗೆರೆ, ಎರಡೆರಡು ಹಿಂದಿನಿಂದ ಅಂಟಿಕೊಂಡು ನಡೆಯುವ ತಿಗಣೆಯನ್ನು ನೋಡಿ ಬಹಳ ಜನ ಹೆದರುತ್ತಾರೆ. ಅದು ಕೆಂಪು ಹತ್ತಿ ತಿಗಣೆ. ಅದರ ಬಾಯಿ ಸೂಜಿಯ ಹಾಗಿದೆ, ಬೀಜದ ರಸ ಹೀರುವುದಕ್ಕೆ. ಎಸಳು ಹರಿದಿದ್ದರೆ ಇದರ ಮೇಲೆ ಅನುಮಾನ ಬೇಡ, ಕಚ್ಚಿ ತಿನ್ನುವ ಬಾಯಿಯೇ ಅದಕ್ಕಿಲ್ಲ. ಮೈತುಂಬ ಹಳದಿ ಪರಾಗ ಮೆತ್ತಿಕೊಂಡ ಜೇನುನೊಣವೂ ಹಾಗೇ, ಎಸಳಿಗೆ ಏನೂ ಮಾಡುವುದಿಲ್ಲ. ಅದು ಇರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ.

ಎಲ್ಲ ನೋಡಿದ ಮೇಲೂ ಮರಿ ಯಾವುದರದ್ದು ಅಂತ ತೀರ್ಮಾನ ಆಗದಿದ್ದರೆ ಸಾಕಿ ನೋಡಿ. ಗಾಜಿನ ಜಾಡಿಯಲ್ಲಿ ಎರಡು ಇಂಚು ಹಸಿ ಮಣ್ಣು ಹಾಕಿ, ಮೇಲೆ ಅನುಮಾನದ ಮೊಗ್ಗು ನಾಲ್ಕೈದು ಇಡಿ. ಹೊರಗೆ ತಾರೀಖು ಬರೆದ ಚೀಟಿ ಅಂಟಿಸಿ ನೆರಳಲ್ಲಿಡಿ. ಮರಿಹುಳು ಆಗಿದ್ದರೆ ಎರಡು ದಿನಕ್ಕೊಮ್ಮೆ ಹೊಸ ಮೊಗ್ಗು ಕೊಡಬೇಕು. ಮೊಗ್ಗು ನೊಣದ ಮರಿಗೆ ಏನೂ ಕೊಡಬೇಕಿಲ್ಲ, ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು. ಎರಡು ಮೂರು ವಾರದೊಳಗೆ ರೆಕ್ಕೆ ಬಂದದ್ದು ಗಾಜಿನ ಮೇಲೆ ಕೂತಿರುತ್ತದೆ. ಜಾಡಿಯ ಬಾಯಿಗೆ ತೆಳು ಬಟ್ಟೆಯನ್ನು ಎರಡು ಪದರ ಮಾಡಿ ದಾರದಿಂದ ಬಿಗಿಯಾಗಿ ಕಟ್ಟಿ. ಒಂದೇ ಪದರ ಆದರೆ ಆ ನೊಣ ನುಸುಳಿ ಹೊರಗೆ ಬಂದು ಮತ್ತೆ ಅದೇ ಗಿಡಕ್ಕೆ ಹೋಗಿ ಕೂರುತ್ತದೆ.